ಗ್ಲಾಸ್ಟರ್‌ಶರ್ರೋ, ಗ್ಲೌಸೆಸ್ಟರ್‌ಶೈರೋ? (ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ನಮ್ಮ ಕ್ಲಬ್ಬಿನಲ್ಲಿ ಕರ್ನಾಟಕದ ಕ್ರಿಕೆಟಿಗರ ಫೋಟೋ ಪ್ರದರ್ಶನ ಇದೆ. ಫೋಟೋಗಳ ಕೆಳಗಿನ ಬರಹ ನನ್ನ ತಲೆಗೆ ಬಂದಿದೆ. 1995ರಲ್ಲಿ ಇಂಗ್ಲೆಂಡಿನ ಕೌಂಟಿ ಕ್ರಿಕೆಟ್‌ನಲ್ಲಿ ಅನಿಲ್ ಕುಂಬ್ಳೆ ನಾರ್ಥಾಂಪ್ಟನ್‌ಶರ್ ಪರ 105 ವಿಕೆಟ್ ತೆಗೆದರು. ಅದೇ ವರ್ಷ ಜಾವಗಲ್ ಶ್ರೀನಾಥ್ ಇನ್ನೊಂದು ಕೌಂಟಿಗೆ ಆಡಿ 87 ವಿಕೆಟ್ ತೆಗೆದರು. ತಕರಾರು ಆ ಇನ್ನೊಂದು ಕೌಂಟಿಯದು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದರೆ ‘ಗ್ಲೌಸೆಸ್ಟರ್‌ಶೈರ್’. ಟಿವಿಯಲ್ಲಿ ಕೇಳಿದ್ದು ‘ಗ್ಲಾಸ್ಟರ್‌ಶರ್’. ಕುಂಬ್ಳೆ 2000ದಲ್ಲಿ, ಶ್ರೀನಾಥ್ 2002ರಲ್ಲಿ ಆಡಿದ ಕೌಂಟಿಯದೂ ಇದೇ ಗೋಳು. ಲೀಸೆಸ್ಟರೋ, ಲೆಸ್ಟರೋ? ಫ್ಲೆಕ್ಸ್ ಅಂಗಡಿಯವರು ಆರಕ್ಕೆ ಬಾಗಿಲು ಹಾಕ್ತಾರೆ. ಬೇಗ ಹೇಳಿ, ಪ್ಲೀಸ್.

ಮರು:
ಲೆಸ್ಟರ್. ಗ್ಲಾಸ್ಟರ್. ಹಾಗೇ ವುಸ್ಟರ್, ಅದೇ ಆ ಸಾಸ್ ಬಾಟ್ಲಿ ಮೇಲಿರೋ ಊರು. ಬಾಲದಲ್ಲಿ ಬರೋದು ‘ಶರ್’, ‘ಶೈರ್’ ಅಲ್ಲ. ನಡುವಿನ ‘ಸೆ’ ಬಾಯಲ್ಲಿ ಸವೆದುಹೋಗಿ ಎಷ್ಟೋ ಕಾಲ ಆಯ್ತು, ಕಾಗದದ ಮೇಲೆ ಮಾತ್ರ ಉಳಿದಿದೆ. ನಾವು ‘ಮಾಡುತ್ತಾನೆ’ ಅಂತ ಬರೆದು ‘ಮಾಡ್ತಾನೆ’ ಅನ್ನಲ್ವಾ? ಮುಗೀತು.

ಮರು:
> ಮುಗೀತು.
ಮುಗೀಲಿಲ್ಲ ಸಾರ್. ಆ ‘ಸೆಸ್ಟರ್’ ಎಲ್ಲಿಂದ ಬಂತು ಅಂತ ನೋಡದೆ ಉಚ್ಚಾರ ಹೇಳಿದರೆ ಹೇಗೆ? ಅದು ಲ್ಯಾಟಿನ್ನಿನ ‘ಕಾಸ್ಟ್ರ’. ರೋಮನ್ ಸೈನ್ಯದ ಪಾಳೆಯ. ಮ್ಯಾಂಚೆಸ್ಟರ್, ಲ್ಯಾಂಕಾಸ್ಟರ್ ಎಲ್ಲ ಅದರ ಮರಿಗಳೇ. ಗ್ಲಾಸ್ಟರನ್ನು ರೋಮನ್ನರು ‘ಗ್ಲೆವಮ್’ ಅಂತಿದ್ದರು. ಇನ್ನು ‘ಸೆ’ ಸವೆಯಿತು ಅಂದಿರಲ್ಲ, ಅದೇ ಗ್ಲಾಸ್ಟರ್‌ಶರ್ ಒಳಗೆ ಸೈರನ್‌ಸೆಸ್ಟರ್ ಅನ್ನೋ ಊರಿದೆ. ಅಲ್ಲಿ ಮಾತ್ರ ಇಡೀ ‘ಸೆಸ್ಟರ್’ ಕಲ್ಲಿನ ಹಾಗೆ ಕೂತಿದೆ. ಸೂತ್ರ ಹೇಳಬೇಡಿ. ಒಂದೊಂದು ಊರಿನ ಹೆಸರನ್ನೂ ಅಲ್ಲಿಯವರ ಬಾಯಲ್ಲೇ ಕೇಳಬೇಕು.

ಮರು:
‘ಶರ್’ ಯಾಕೆ ಹೊತ್ತುಕೊಂಡು ತಿರುಗ್ತೀರಿ? ಅದು ಸೀಮೆ. ‘ಗ್ಲಾಸ್ಟರು ಸೀಮೆ’ ಅಂತ ಬರೀರಿ. ಕೊನೆಗೆ ಉಕಾರ ಬೇಕೇ ಬೇಕು. ಬಸ್ಸು, ಕಾರು, ಲಾಟೀನು ಆದ ಹಾಗೆ ಲೆಸ್ಟರು. ‘ಲೆಸ್ಟರಿನಲ್ಲಿ’ ಅಂದು ನೋಡಿ, ನಾಲಿಗೆ ಸಲೀಸಾಗಿ ತಿರುಗುತ್ತೆ. ‘ಲೆಸ್ಟರ್‌ನಲ್ಲಿ’ ಅಂದರೆ ಅನ್ನದಲ್ಲಿ ಕಲ್ಲು ಕಡಿದ ಹಾಗೆ. ಇಂಗ್ಲಿಷಿನಿಂದ ಪದ ಬರಲಿ, ಬೇಡ ಅಂದೋರು ಯಾರು? ಚಪ್ಪಲಿ ಹೊರಗೆ ಬಿಟ್ಟು ಬರಲಿ ಅಷ್ಟೇ.

ಮರು:
> ‘ಗ್ಲಾಸ್ಟರು ಸೀಮೆ’
ಸೀಮೆಎಣ್ಣೆ ಮಾರ್ತಾರಾ ಅಲ್ಲಿ? ಊರಿನ ಹೆಸರನ್ನೆಲ್ಲ ಕನ್ನಡಿಸೋಕೆ ಹೊರಟರೆ ನ್ಯೂಕ್ಯಾಸಲ್ ‘ಹೊಸಕೋಟೆ’ ಆಗುತ್ತೆ. ಕೆ.ಆರ್. ಪುರ ದಾಟಿದರೆ ಇಂಗ್ಲೆಂಡು. ಸುಮ್ನೆ ತಮಾಷೆ ಬೇಡ.

ನಿಜವಾದ ತೊಂದರೆ ಬೇರೆ. ‘ಗ್ಲಾಸ್ಟರ್’ ಅಂತ ಬರೆದರೆ ಓದುವವರಿಗೆ ಕಾಣೋದು ಟೀ ಕುಡಿಯೋ ಗ್ಲಾಸು. ಅಲ್ಲಿರೋ ಸ್ವರ ನಮ್ಮ ದೀರ್ಘ ‘ಆ’ ಅಲ್ಲ. ‘ಆ’ಗೂ ‘ಒ’ಗೂ ನಡುವಿನದು, ಗಿಡ್ಡದು. ‘ಗ್ಲೊಸ್ಟರ್’ ಅಂತ ಬರೀರಿ. ಅಲ್ಲಿನ ವಿಮಾನ ಕಂಪನಿಯೇ 1926ರಲ್ಲಿ, ಹೊರದೇಶದವರಿಗೆ ಹೆಸರು ಹೇಳೋಕೆ ಬರಲ್ಲ ಅಂತ, ಸ್ಪೆಲಿಂಗನ್ನು ‘ಗ್ಲೊಸ್ಟರ್’ ಅಂತ ಮೊಟಕು ಮಾಡಿತು. ಅವರೇ ಸೋತ ಮೇಲೆ ನಮ್ಮದೇನು.

ಮರು:
ಬಾಸ್ಟನ್ ಹತ್ತಿರದಿಂದ ಬರೀತಿದೀನಿ. ಮೊದಲಿಗೆ, ನನ್ನೂರು ಬಾಸ್ಟನ್, ‘ಬೊಸ್ಟನ್’ ಅಲ್ಲ. ಕಾಫಿ, ಡಾಕ್ಟರು, ಕಾಲೇಜು, ಹಾಸ್ಟೆಲ್ಲು: ಈ ಸ್ವರಕ್ಕೆ ಕನ್ನಡ ಮೊದಲಿನಿಂದಲೂ ಆಕಾರವನ್ನೇ ಕೊಟ್ಟಿದೆ. ‘ಕೊಫಿ’ ಕುಡಿಯೋರು ‘ಗ್ಲೊಸ್ಟರ್’ ಬರೆದುಕೊಳ್ಳಲಿ. ಮ್ಯಾಸಚೂಸೆಟ್ಸ್‌ನಲ್ಲೂ ಒಂದು ವುಸ್ಟರ್ ಇದೆ. ಇಲ್ಲಿಗೆ ಬಂದ ಹೊಸದರಲ್ಲಿ ರೈಲಿಗೆ ಟಿಕೆಟ್ ಕೇಳುವಾಗ ಅಕ್ಷರ ಬಿಡದೆ ‘ವೊರ್ಸೆಸ್ಟರ್’ ಅಂದೆ. ಕಿಟಕಿಯಾಚೆಯ ಅಜ್ಜಿ ಕನ್ನಡಕ ಕೆಳಗಿಳಿಸಿ ನೋಡಿ, ಎರಡು ಸಲ ‘ವುಸ್ಟರ್’ ಅಂತ ಹೇಳಿಸಿ ಆಮೇಲೆ ಟಿಕೆಟ್ ಕೊಟ್ಟರು.

ಮರು:
> ಸೀಮೆಎಣ್ಣೆ ಮಾರ್ತಾರಾ ಅಲ್ಲಿ?
ನಗಿ. ಆ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಮಾಡಿದ ಹಿರಿಯರು ಇಂಗ್ಲಿಷ್ ಮೇಷ್ಟ್ರನ್ನು ಕೇಳಿ ಮಾಡಲಿಲ್ಲ. ಹೊರಗಿನ ಸಾಮಾನು ಬಂತು, ಮನೆಯ ಹೆಸರಿಟ್ಟರು. ನಿಮ್ಮ ಕಾಲಕ್ಕೆ ಬಂದಿದ್ದರೆ ಸೀಮೆಬದನೆಯನ್ನೂ ‘ಚೌಚೌ’ ಅಂತಲೇ ಮಾರ್ತಿದ್ದಿರಿ.

ಮರು:
ಈಗ ಮಾರೋದೂ ಹಾಗೇ ಸ್ವಾಮಿ. ಮಾರ್ಕೆಟ್ಟಿಗೆ ಹೋಗಿ ಎಷ್ಟು ದಿನ ಆಯ್ತು?

ಮರು:
ಎಲ್ಲರಿಗೂ ಥ್ಯಾಂಕ್ಸ್. ತರಕಾರಿ ಜಗಳ ಮುಗಿಯೋವರೆಗೆ ಕಾಯೋಕೆ ಆಗಲಿಲ್ಲ. ಐದೂಮುಕ್ಕಾಲಿಗೆ ‘ಗ್ಲಾಸ್ಟರ್‌ಶರ್’, ‘ಲೆಸ್ಟರ್‌ಶರ್’ ಅಂತಲೇ ಕಳಿಸಿದೆ. ಪ್ರಿಂಟಿಗೆ ಮುಂಚೆ ವಾಟ್ಸಾಪಿನಲ್ಲಿ ಪ್ರೂಫ್ ಬಂತು. ಓಡಿ ಬರುತ್ತಿರುವ ಶ್ರೀನಾಥ್ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ ‘ಪ್ಲಾಸ್ಟರ್‌ಶರ್ ಪರ 87 ವಿಕೆಟ್’. ಫೋನ್ ಮಾಡಿದರೆ ಡಿಟಿಪಿ ಹುಡುಗ, “ನೀವೇ ತಪ್ಪು ಒತ್ತಿದೀರ ಅಂತ ಸರಿ ಮಾಡ್ದೆ ಮೇಡಂ” ಅಂದ. ತಿದ್ದಿಸಿ ಪ್ರಿಂಟ್ ಹಾಕಿಸಿದ್ದಾಯ್ತು.

ಮರು:
ಅಂದ ಹಾಗೆ ‘ಪ್ಲಾಸ್ಟರ್’ ಕೂಡ ಲ್ಯಾಟಿನ್ನಿನದೇ, ‘ಎಂಪ್ಲಾಸ್ಟ್ರಮ್’ನಿಂದ ಬಂದದ್ದು. ‘ಕಾಸ್ಟ್ರ’ಕ್ಕೂ ಅದಕ್ಕೂ ಸಂಬಂಧ ಇಲ್ಲ.