ಸಹಾಯ ಬೇಕು: 'ಡಿಮಾಂಡ್' ಆದ ಮೇಲೆ 'ಫಾರ್' ಬರಬೇಕಾ, 'ಆಫ್' ಬರಬೇಕಾ?

ನಮಸ್ಕಾರ. ಮಂಗಳೂರಿನ ಧಕ್ಕೆ (ಮೀನುಗಾರಿಕೆ ಬಂದರು) ಹತ್ತಿರ ಮೀನು ವ್ಯಾಪಾರದ ಆಫೀಸಿನಲ್ಲಿದ್ದೇನೆ. ಹೊರಗಿನ ಪಾರ್ಟಿಗಳಿಗೆ ಇಂಗ್ಲಿಷ್ ಮೇಲ್ ಬರೆಯುವುದು ನಾನೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ ಅಲ್ವಾ, ಆಗ ಅಂಜಲ್ ಮೀನಿಗೆ ಡಿಮಾಂಡ್ ಜಾಸ್ತಿ, ರೇಟು ಏರುತ್ತದೆ ಎಂದು ಮೊದಲೇ ತಿಳಿಸಬೇಕು.

ನಾನು 'ಡಿಮಾಂಡ್ ಫಾರ್ ಅಂಜಲ್' ಎಂದು ಬರೆದೆ. ಧಣಿಗಳು ಓದಿ 'ಫಾರ್' ತೆಗೆದು 'ಆಫ್' ಹಾಕಿಸಿದರು. ವಾದ ಮಾಡುವ ಹಾಗಿಲ್ಲ, ಸಂಬಳ ಕೊಡುವವರು! ಫೋನಿನ ಸ್ಪೆಲ್ ಚೆಕ್ ಎರಡಕ್ಕೂ ಸುಮ್ನೆ ಇದೆ. ಡಿಕ್ಷನರಿ ತೆಗೆದರೆ 'ಡಿಮಾಂಡ್ ಫಾರ್' ಇದೆ, 'ಡಿಮಾಂಡ್ಸ್ ಆಫ್ ದ ಜಾಬ್' ಇದೆ, 'ಡಿಮಾಂಡ್ಸ್ ಆನ್ ಮೈ ಟೈಮ್' ಕೂಡ ಇದೆ. ತಲೆ ಕೆಟ್ಟದ್ದು ಅಲ್ಲೇ. ಅಂಜಲನ್ನು ಜನ ಕೇಳುತ್ತಾರೆ, ಅದಕ್ಕೆ 'ಫಾರ್'. ಕೆಲಸ ಹಾಗಲ್ಲ, ಅದೇ ನಮ್ಮಿಂದ ಕೇಳುತ್ತದೆ, ಅದಕ್ಕೆ 'ಆಫ್'. ಇದು ನನ್ನ ಊಹೆ.

ಹಾಗಾದರೆ ಹೋಟೆಲಿನವರು ಅಂಜಲ್ ಕೇಳುತ್ತಿದ್ದಾರೆ ಎಂದು ಬರೆಯುವಾಗ ಹೋಟೆಲಿಗೆ 'ಆಫ್' ಸೇರಿಸಬೇಕಾ, 'ಫ್ರಮ್' ಸೇರಿಸಬೇಕಾ? ಅಂಜಲ್, ಹೋಟೆಲ್ ಎರಡೂ ಇರುವ ಒಂದು ಸರಿಯಾದ ವಾಕ್ಯ ಬರೆದು ತೋರಿಸುತ್ತೀರಾ?