ಗಿಡದ ಬೋರ್ಡಿಗೆ ಯಾವ ಕುಟುಂಬದ ಹೆಸರು ಬರೆಸಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ್ರಿ. ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಕಾಲೇಜಿನ ಗಿಡಗಳಿಗೆ ಹೊಸ ತಗಡಿನ ಬೋರ್ಡ್ ಹಾಕಿಸುತ್ತಿದ್ದೇವೆ. ಪೇಂಟರ್ ಬರೋದರೊಳಗೆ ಪ್ರತಿ ಗಿಡದ ಸಸ್ಯ ಕುಟುಂಬದ, ಅಂದ್ರೆ ಅದು ಸೇರೋ ಹತ್ತಿರದ ಗಿಡಗಳ ಗುಂಪಿನ ಹೆಸರು ಪಕ್ಕಾ ಆಗಬೇಕು.

ತೊಡಕು ಏನಂದ್ರೆ, ನಾವು ಪಾಠ ಮಾಡೋದು ಬೆಂಥಮ್-ಹುಕರ್ ಪದ್ಧತಿ, ಅಂದ್ರೆ ಕಣ್ಣಿಗೆ ಕಾಣೋ ಗುರುತು ನೋಡಿ ಗಿಡಗಳನ್ನು ಕುಟುಂಬಗಳಾಗಿ ವಿಂಗಡಿಸೋ ಹಳೆಯ ವಿಧಾನ. 1862ರಿಂದ 1883ರ ನಡುವೆ ಬಂದದ್ದು. ಡಿಎನ್‌ಎ ಆಧರಿಸಿ ಹೂಬಿಡೋ ಗಿಡಗಳನ್ನು ವಿಂಗಡಿಸೋ ಹೊಸ ಎಪಿಜಿ ಪದ್ಧತಿ 1998ರದ್ದು, ಅದರ ನಾಲ್ಕನೇ ಆವೃತ್ತಿ 2016ರಲ್ಲಿ ಬಂತು. ಇದರಲ್ಲಿ ಉಳ್ಳಾಗಡ್ಡಿ ಲಿಲಿಯೇಸಿ ಬಿಟ್ಟು ಅಮರಿಲ್ಲಿಡೇಸಿಗೆ ಹೋಗಿದೆ. ಎಕ್ಕೆಯ ಆಸ್ಕ್ಲಿಪಿಯಡೇಸಿ ಪ್ರತ್ಯೇಕ ಕುಟುಂಬವಾಗಿ ಉಳಿದೇ ಇಲ್ಲ, ದೇವಕಣಗಿಲೆಯ ಅಪೋಸೈನೇಸಿಯೊಳಗೆ ಸೇರಿದೆ. ಎರಡರ ಎಲೆ ಕಿತ್ತರೂ ಬಿಳಿ ಹಾಲು ಬರುತ್ತೆ, ಹಾಗಾಗಿ ಹುಡುಗರು ಇದನ್ನು ಬೇಗ ಒಪ್ಪುತ್ತಾರೆ.

ಲಕ್ಕಿ ಗಿಡದ್ದೇ ತಕರಾರು. ವರ್ಬಿನೇಸಿಯಿಂದ ತೆಗೆದು ತುಳಸಿಯ ಲೇಮಿಯೇಸಿಗೆ ಹಾಕಿದ್ದಾರೆ. ಎಳೇ ಟೊಂಗೆ ಬೆರಳಲ್ಲಿ ಹೊರಳಿಸಿದರೆ ತುಳಸಿಯಂತೆ ನಾಲ್ಕು ಮೂಲೆ ಸಿಗುತ್ತವೆ, ನಿಜ. ಆದರೆ ಚೌಕ ಕಾಂಡ ವರ್ಬಿನೇಸಿಯಲ್ಲೂ ಇದೆಯಲ್ವಾ? ಕಣ್ಣಿಗೆ ಕಾಣೋ ಗುರುತು ಸಾಲದು ಅಂತ ಡಿಎನ್‌ಎ ನೋಡಿದ್ದು ಸರಿಯೇ. ಹುಡುಗರಿಗೆ ಅದನ್ನು ಸರಳವಾಗಿ ಹೇಳೋದು ಹೇಗೆ?

ಇನ್ನೊಂದು. 2024ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದ ನೇತೃತ್ವದಲ್ಲಿ 353 ಜೀನ್ ಹೋಲಿಸಿ 9,500ಕ್ಕೂ ಜಾಸ್ತಿ ಪ್ರಭೇದಗಳ ವಂಶವೃಕ್ಷ ಪ್ರಕಟವಾಯಿತು. ಅದರಿಂದ ನಮ್ಮ ಬಯಲುಸೀಮೆ ಗಿಡಗಳ ಕುಟುಂಬ ಮತ್ತೆ ಬದಲಾಗುತ್ತಾ? ಓದಿದವರು ಹೇಳಿ.

ನನಗೆ ಹೊಸ ಹೆಸರು ದೊಡ್ಡದಾಗಿ, ಹಳೆಯದು ಕೆಳಗೆ ಸಣ್ಣದಾಗಿ ಬರೆಸೋ ಮನಸ್ಸಿದೆ. ಪರೀಕ್ಷೆಗೆ ಹಳೆಯದೇ ಬೇಕಲ್ಲ! ನಿಮ್ಮ ಕಾಲೇಜಲ್ಲಿ ಹೀಗೆ ಮಾಡಿದ್ದರೆ ಬೋರ್ಡಿನ ಫೋಟೊ ಹಾಕ್ರಿ. ಹಳೆ-ಹೊಸ ಕುಟುಂಬಗಳ ಕನ್ನಡ ಪಟ್ಟಿ ಇದ್ದರೂ ಕಳಿಸಿ.