ಮೊಲ ಮರಿ ಹಾಕೋ ಹೊತ್ತು: ಗೂಡು, ಹಾಲು, ಬಿಸಿಲಿನ ಬಗ್ಗೆ ಪಶುವೈದ್ಯರ ಉತ್ತರ

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ಡಾಕ್ಟ್ರೇ, ನಮ್ಮ ಹೆಣ್ಣು ಮೊಲಾನ ಗಂಡಿನ ಹತ್ರ ಬಿಟ್ಟು ಇವತ್ತಿಗೆ 24 ದಿನ. ತೂಕ 3 ಕೆಜಿ. ಮರಿ ಹಾಕೋ ಪೆಟ್ಟಿಗೆ ಈಗಲೇ ಇಡಬೇಕಾ? ಒಳಗೆ ಹಾಸೋಕೆ ಹತ್ತಿ ತಂದಿಟ್ಟಿದೀನಿ, ನಡೆಯುತ್ತಾ?

ಉತ್ತರ: ಹತ್ತಿ ಖಂಡಿತ ಬೇಡ ಮೇಡಂ. ಅದರ ಎಳೆ ಮರಿಯ ಕಾಲಿಗೆ, ಕುತ್ತಿಗೆಗೆ ಸುತ್ತಿಕೊಳ್ಳುತ್ತೆ. ಮರಿ ಒದ್ದಾಡಿದಷ್ಟೂ ಬಿಗಿಯಾಗಿ, ರಕ್ತ ಹರಿಯೋದು ನಿಂತು, ಪಾದ ಕಪ್ಪಾಗಿ ಉದುರಿದ್ದೂ ಉಂಟು. ನೂಲು ಬಿಟ್ಟ ಹಳೇ ಟವೆಲ್ಲೂ ಅಷ್ಟೇ ಅಪಾಯ.

ಮೊಲ ಸಾಮಾನ್ಯವಾಗಿ 30ರಿಂದ 32ನೇ ದಿನದೊಳಗೆ ಮರಿ ಹಾಕುತ್ತೆ. ಪೆಟ್ಟಿಗೆಯನ್ನ 27 ಅಥವಾ 28ನೇ ದಿನ ಇಡಿ. ಈಗಲೇ ಇಟ್ಟರೆ ಉಚ್ಚೆ, ಹಿಕ್ಕೆ ಎಲ್ಲಾ ಅದರಲ್ಲೇ ಆಗುತ್ತೆ. 30 ದಾಟಿಸಿದರೆ ಮರಿ ಜಾಲರಿ ಮೇಲೆ ಬಿದ್ದು ತಣ್ಣಗಾಗಿ ಸಾಯಬಹುದು. ನಿಮ್ಮ ಮೊಲಕ್ಕೆ 45 ಸೆಂ.ಮೀ ಉದ್ದ, 30 ಅಗಲ, 30 ಎತ್ತರದ ಮರದ ಪೆಟ್ಟಿಗೆ ಸಾಕು. ಒಳಹೋಗೋ ಕಡೆ ಎತ್ತರ 15 ಸೆಂ.ಮೀ ಇರಲಿ, ಅದಕ್ಕಿಂತ ತಗ್ಗಾದರೆ ಮರಿ ಹೊರಗೆ ಉರುಳುತ್ತವೆ. ದೊಡ್ಡ ಪೆಟ್ಟಿಗೆ ಒಳ್ಳೇದು ಅನ್ಕೋಬೇಡಿ, ಅದರಲ್ಲಿ ಮರಿಗಳು ಚದುರಿ ಒಂದಕ್ಕೊಂದು ಅಂಟಿ ಮಲಗೋಕಾಗಲ್ಲ. ತಳಕ್ಕೆ ನಾಲ್ಕಾರು ಸಣ್ಣ ತೂತು ಹೊಡೆಸಿ, ತೇವ ಬಸಿದು ಹೋಗಲಿ.

ಬಡಗಿ ಉಜ್ಜುವಾಗ ಸುರುಳಿಯಾಗಿ ಬೀಳೋ ಮರದ ಹೊಟ್ಟನ್ನ ತಳಕ್ಕೆ 4 ಸೆಂ.ಮೀ ಹಾಸಿ. ಸಾಮಿಲ್ಲಿನ ನುಣ್ಣನೆ ಪುಡಿ ಮೂಗಿಗೆ ಹೋಗುತ್ತೆ, ಅದು ಬೇಡ. ಮೇಲೆ ಭತ್ತದ ಹುಲ್ಲು ತುಂಬಿ. ನಾಲೆ ಕಡೆ ಯಾರ ಹತ್ರ ಕೇಳಿದರೂ ಸಿಗುತ್ತೆ, ಬೂಷ್ಟು ವಾಸನೆ ಇರಬಾರದು ಅಷ್ಟೇ. ಹಿಂದಿನ ಮೂಲೇಲಿ ಮುಷ್ಟಿಯಿಂದ ಒತ್ತಿ ಒಂದು ಗುಣಿ ಮಾಡಿ. ಉಳಿದದ್ದು ತಾಯಿಯ ಕೆಲಸ: ಬಾಯಲ್ಲಿ ಹುಲ್ಲು ಹೊತ್ತು ತಿರುಗುತ್ತೆ, ಹೊಟ್ಟೆ ಮತ್ತು ಗಂಟಲಿನ ಕೆಳಗಿನ ತುಪ್ಪಳ ಕಿತ್ತು ಗುಣಿಗೆ ತುಂಬುತ್ತೆ. ಇದನ್ನೇ 16–18ನೇ ದಿನಕ್ಕೆ ಮಾಡಿದ್ದರೆ ಸುಳ್ಳು ಗಬ್ಬ ಇರಬಹುದು.

ಗಂಡನ್ನ ಇವತ್ತೇ ಬೇರೆ ಗೂಡಿಗೆ ಹಾಕಿ. ಮರಿ ಹಾಕಿದ ಕೆಲವೇ ಗಂಟೇಲಿ ಹೆಣ್ಣು ಮತ್ತೆ ಗಬ್ಬಾಗುತ್ತೆ.

ಪ್ರಶ್ನೆ (ಹರಿಹರ): ಸರ್, ನಿನ್ನೆ ಬೆಳಗಿನ ಜಾವ 6 ಮರಿ ಹಾಕೇತಿ. ತಾಯಿ ಒಂದ್ ಸಲಾನೂ ಪೆಟ್ಟಿಗ್ಯಾಗ ಕುಂತಿದ್ದು ಕಾಣಲಿಲ್ಲ. ಮರಿ ಬಿಟ್ಟೈತೆನು? ಆಕಳ ಹಾಲು ಕುಡಿಸ್ಲಾ?

ಉತ್ತರ: ಕುಡಿಸಬೇಡಿ. ಮೊಲ ನಾಯಿ ಬೆಕ್ಕಿನ ಹಾಗೆ ಮರಿ ಜೊತೆ ಮಲಗಲ್ಲ. ದಿನಕ್ಕೆ ಒಂದು ಸಲ, ಹೆಚ್ಚಂದ್ರೆ ಎರಡು ಸಲ, ಅದೂ ರಾತ್ರಿ ಅಥವಾ ನಸುಕಿನಲ್ಲಿ, 3ರಿಂದ 5 ನಿಮಿಷ ಹಾಲು ಕೊಟ್ಟು ಹೊರಗೆ ಬರುತ್ತೆ. ಹಗಲೆಲ್ಲಾ ದೂರ ಕೂತಿರೋದು ಅದರ ಸಹಜ ಗುಣ. ಇದು ಗೊತ್ತಿಲ್ಲದೆ ಆರೋಗ್ಯವಾಗಿರೋ ಮರಿಗಳನ್ನ ಎತ್ತಿ, ಸಿರಿಂಜಿನಲ್ಲಿ ಹಾಲು ಹಾಕಿ, ಅದು ಪುಪ್ಪುಸಕ್ಕೆ ಇಳಿದು ಸಾಯೋದನ್ನ ನೋಡಿದರೆ ನಿಜಕ್ಕೂ ಸಂಕಟ ಆಗುತ್ತೆ.

ಮೊದಲು ಹೊಟ್ಟೆ ನೋಡಿ. ಕೈ ತೊಳೆದು, ಅದೇ ಗೂಡಿನ ಹುಲ್ಲಿನಿಂದ ಉಜ್ಜಿಕೊಂಡು, ತಾಯಿಗೆ ಸೊಪ್ಪು ಕೊಟ್ಟು ಆ ಕಡೆ ಇರುವಾಗ ಒಂದೊಂದೇ ಮರಿ ಎತ್ತಿ. ಹಾಲು ಕುಡಿದ ಮರಿಯ ಹೊಟ್ಟೆ ದುಂಡಗೆ ಬಿಗಿಯಾಗಿರುತ್ತೆ, ತೆಳು ಚರ್ಮದೊಳಗೆ ಹಾಲು ಬೆಳ್ಳಗೆ ಕಾಣುತ್ತೆ. ಕುಡಿಯದ ಮರಿಯ ಹೊಟ್ಟೆ ಒಳಗೆ ಹೋಗಿ, ಚರ್ಮ ನೆರಿಗೆ ಬಿದ್ದಿರುತ್ತೆ. ಸತ್ತ ಮರಿ, ಒದ್ದೆ ಹುಲ್ಲು ಇದ್ದರೆ ತೆಗೆಯಿರಿ, ತುಪ್ಪಳ ಮಾತ್ರ ವಾಪಸ್ ಮುಚ್ಚಿ. ತಣ್ಣಗಿರೋ ಮರಿ ಸತ್ತಿದೆ ಅಂತ ತೀರ್ಮಾನಿಸೋ ಮುಂಚೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕ ಇಟ್ಟು ನೋಡಿ. ಎಷ್ಟೋ ಮರಿ ಅಲುಗಾಡುತ್ತವೆ.

ಎರಡನೇ ದಿನವೂ ಹೊಟ್ಟೆ ಖಾಲಿ ಇದ್ದರೆ ತಾಯಿಯನ್ನ ಪೆಟ್ಟಿಗೆಯೊಳಗೆ ಮೆಲ್ಲಗೆ ಹಿಡಿದು ನಿಲ್ಲಿಸಿ, 5 ನಿಮಿಷ. ತಲೆ ಮೇಲೆ ಸವರುತ್ತಾ ಇರಿ. ಬೆಳಿಗ್ಗೆ, ಸಂಜೆ ಹೀಗೆ ಮಾಡಿ. ಅದೂ ಆಗದಿದ್ದರೆ ಮಾತ್ರ ಬೆಕ್ಕಿನ ಮರಿಗೆ ಕೊಡೋ ಹಾಲಿನ ಪುಡಿ. ಮೊದಲ ವಾರ ಒಂದು ಮರಿಗೆ ಒಂದು ಸಲಕ್ಕೆ 2ರಿಂದ 3 ಮಿ.ಲೀ, ದಿನಕ್ಕೆ ಎರಡು ಸಲ. ಮರಿ ಬೆಚ್ಚಗಾದ ಮೇಲೆ, ಹೊಟ್ಟೆ ಕೆಳಗಾಗಿ ಹಿಡಿದು, ಹನಿ ಹನಿಯಾಗಿ. ಅಂಗಾತ ಮಲಗಿಸಬೇಡಿ.

ಪ್ರಶ್ನೆ (ಚಳ್ಳಕೆರೆ): ಸರ್, ನಮ್ ಕಡೆ ಬಿಸಿಲು ಜಾಸ್ತಿ ಐತೆ. ಹೋದ ಸಲ ಮರಿ ಹಾಕಿದ ದಿನವೇ ಎರಡು ಮರಿ ತಿಂದುಬಿಡ್ತು. ಮೇವಿಗೆ ಶೇಂಗಾ ಬಳ್ಳಿ, ಮೆಕ್ಕೆಜೋಳ ಹಾಕ್ತೀವಿ.

ಉತ್ತರ: ಮೊದಲು ನೀರಿನ ಬಾಟಲಿ ನೋಡಿ ಸರ್. ಮರಿ ತಿನ್ನೋಕೆ ಮುಖ್ಯ ಕಾರಣಗಳಲ್ಲಿ ಬಾಯಾರಿಕೆಯೂ ಒಂದು. ಹೆರಿಗೆ ಆದ ಮೊಲ ಮರಿ ಜೊತೆ ಬೀಳೋ ಕಸ (ಮಾಸು) ತಿಂದು ಶುಚಿ ಮಾಡುತ್ತೆ, ಆಗ ನೀರಿಲ್ಲ, ಸುತ್ತ ಗದ್ದಲ, ನಾಯಿ ಓಡಾಟ ಅಂದ್ರೆ ಹಲ್ಲು ಮರಿಗೂ ತಗಲುತ್ತೆ. ಬಾಟಲಿಯ ನಳಿಕೆಯಲ್ಲಿ ಗುಂಡು ಸಿಕ್ಕಿಕೊಂಡು ನೀರು ಬಾರದೆ ಇರೋದು ಮಾಮೂಲಿ, ಬೆರಳಿಂದ ಒತ್ತಿ ಪರೀಕ್ಷಿಸಿ, ಜೊತೆಗೆ ಒಂದು ಭಾರದ ಮಣ್ಣಿನ ಬಟ್ಟಲೂ ಇಡಿ. ಮೊದಲ ಸೂಲಿನಲ್ಲಿ ತಿಂದ ಮೊಲ ಮುಂದೆ ಸರಿಯಾಗಿ ಸಾಕೋದು ಸಾಮಾನ್ಯ, ಅದನ್ನ ಕೈಬಿಡಬೇಡಿ.

ಪೆಟ್ಟಿಗೆ ಶೀಟಿನ ಕೆಳಗೆ ಬೇಡ. ಗೂಡಿನ ಬಿಸಿಲು ಬೀಳೋ ಪಕ್ಕಕ್ಕೆ ಒದ್ದೆ ಗೋಣಿಚೀಲ ಕಟ್ಟಿ, ಗಾಳಿ ಆಡಲಿ. ಮರಿಗಳು ಒಂದನ್ನೊಂದು ಬಿಟ್ಟು ದೂರ ದೂರ ಬಿದ್ದು, ಕೆಂಪಗೆ ಆಗಿದ್ದರೆ ಸೆಕೆ ಜಾಸ್ತಿ ಅಂತ ಅರ್ಥ. ಮೇಲಿನ ತುಪ್ಪಳ ಸ್ವಲ್ಪ ತೆಗೆದು ಚೀಲದಲ್ಲಿ ಇಟ್ಟಿರಿ, ರಾತ್ರಿ ತಂಪಾದರೆ ಮತ್ತೆ ಹಾಕಿ. ಗೂಡಿನ ಕಾಲುಗಳನ್ನ ನೀರಿನ ಬಟ್ಟಲಲ್ಲಿ ನಿಲ್ಲಿಸಿ, ಇರುವೆ ಮುತ್ತಿದರೆ ಒಂದೇ ರಾತ್ರಿಗೆ ಮರಿ ಉಳಿಯಲ್ಲ. ಇರುವೆ ಪುಡಿ ಉದುರಿಸಬೇಡಿ. ನಾಯಿಯ ಮೈಮೇಲಿನ ಉಣ್ಣೆ ಹುಳಕ್ಕೆ ಹೊಡೆಯೋ ಫಿಪ್ರೊನಿಲ್ ಸ್ಪ್ರೇ ಮೊಲಕ್ಕೆ ವಿಷ.

ಮಳೆಗೆ ನೆಂದು ಒಣಗಿದ ಶೇಂಗಾ ಬಳ್ಳಿ, ಕಪ್ಪು ಚುಕ್ಕೆ ಬಿದ್ದ ಜೋಳದಲ್ಲಿ ಬೂಷ್ಟಿನ ವಿಷ ಇರುತ್ತೆ, ಅವನ್ನ ಎಸೆಯಿರಿ. ಒಣಹುಲ್ಲು ಸದಾ ಇರಲಿ, ಕುದುರೆ ಮೆಂತ್ಯ ಸಿಕ್ಕರೆ ಹಾಲುಣಿಸೋ ದಿನಗಳಲ್ಲಿ ಕೊಡಿ. ಜೋಳ ಮಾತ್ರ ಕಡಿಮೆ ಮಾಡಿ.

ಪ್ರಶ್ನೆ (ವಿದ್ಯಾನಗರ): ಆಸ್ಪತ್ರೆಗೆ ಯಾವಾಗ ತರಬೇಕು ಸರ್?

ಉತ್ತರ: ಹೆರಿಗೆ ಸಾಮಾನ್ಯವಾಗಿ ಅರ್ಧ ಗಂಟೇಲಿ ಮುಗಿಯುತ್ತೆ. ಅಷ್ಟು ಹೊತ್ತು ತಿಣುಕಿದರೂ ಮರಿ ಬರದಿದ್ದರೆ, 33 ದಿನ ದಾಟಿದರೆ, ರಕ್ತ ನಿಲ್ಲದಿದ್ದರೆ, ತಾಯಿ 12 ಗಂಟೆ ಏನೂ ತಿನ್ನದಿದ್ದರೆ ಕಾಯಬೇಡಿ. ಮೊಲೆ ಬಿಸಿಯಾಗಿ, ಗಟ್ಟಿಯಾಗಿ, ನೀಲಿ ತಿರುಗಿದರೆ ಕೆಚ್ಚಲು ಬಾವು. ಅದರ ಮರಿಯನ್ನ ಬೇರೆ ಮೊಲಕ್ಕೆ ಹಾಕಿದರೆ ಆ ತಾಯಿಗೂ ಸೋಂಕು ಹರಡುತ್ತೆ. ಮನೆಯಲ್ಲಿರೋ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯೋಟಿಕ್ ಬಾಯಿಗೆ ಹಾಕಬೇಡಿ, ಮೊಲದ ಕರುಳಿನ ಒಳ್ಳೆ ಜೀವಾಣು ಸತ್ತು ಭೇದಿ ಹತ್ತಿ ಸಾಯುತ್ತೆ. ಬರುವಾಗ ತಾಯಿ ಮರಿ ಎಲ್ಲವನ್ನೂ, ಗೂಡಿನ ತುಪ್ಪಳದ ಸಮೇತ ತನ್ನಿ.